ಒಂದು ದಿನ ಮೊದಲೇ ಬಂದ ಮಳೆ

ಆ ಕೆಲವು ವರ್ಷ ನಾನು ಕಾಲೇಜಿಗೆ ಹೋಗುವಾಗ ಚೀಲದಲ್ಲಿ ಎರಡು ಸ್ಟೀಲ್ ಡಬ್ಬಿ ಇರುತ್ತಿದ್ದವು. ಒಂದರಲ್ಲಿ ಮಧ್ಯಾಹ್ನದ ಊಟ, ಇನ್ನೊಂದರಲ್ಲಿ ಹುರಿದ ಅಕ್ಕಿಯ ನಡುವೆ ಹೂತಿಟ್ಟ ಫ್ಲಾಪಿಗಳು. ಮಳೆಗಾಲದಲ್ಲಿ ನಮ್ಮ ಕಡೆ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಫ್ಲಾಪಿಯ ಒಳಗಿನ ಕಪ್ಪು ತಟ್ಟೆಗೂ ಹಿಡಿಯುತ್ತದೆ ಎಂದು ನನಗೆ ಗೊತ್ತಾದದ್ದು ಎರಡು ತಿಂಗಳು ಕೂತು ಟೈಪ್ ಮಾಡಿದ ಅಂಕಿಗಳನ್ನೆಲ್ಲ ಕಳೆದುಕೊಂಡ ಮೇಲೆ. ಹುರಿದ ಅಕ್ಕಿಯ ಉಪಾಯ ನಮ್ಮ ಅತ್ತೆಯದು. ಉಪ್ಪಿನ ಭರಣಿ ನೀರೊಡೆಯದಂತೆ ಅವರು ಹಾಗೆ ಮಾಡುತ್ತಿದ್ದರು.

ನಾನು ಹೊನ್ನಾವರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಮನೆ ಕರ್ಕಿಯಲ್ಲಿ. ನಮ್ಮ ಕರಾವಳಿಯಲ್ಲಿ ರೈಲು ಓಡಲು ಶುರುವಾಗಿ ಮೂರ್ನಾಲ್ಕು ವರ್ಷ ಆಗಿತ್ತು. ಕಾಲೇಜಿಗೆ ಆಗಷ್ಟೇ ನಾಲ್ಕು ಕಂಪ್ಯೂಟರ್ ಬಂದಿದ್ದವು. ಅವಕ್ಕೆ ಗುಲಾಬಿ ಬಟ್ಟೆಯ ಗೌನು ಹೊಲಿಸಿ ತೊಡಿಸಿ, ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಾದ ಕೋಣೆಯಲ್ಲಿ ಕೂರಿಸಿದ್ದರು. ನಾಲ್ಕರಲ್ಲಿ ಎರಡು ನಡೆಯುತ್ತಿದ್ದವು.

ಒಂದು ಬೇಸಿಗೆಯಲ್ಲಿ ಅಧ್ಯಾಪಕರಿಗಾಗಿ ನಡೆಸುವ ಶಿಬಿರಕ್ಕೆ ದೂರದ ದೊಡ್ಡ ಊರಿಗೆ ಹೋಗಿದ್ದೆ. ಅಲ್ಲಿ ಒಬ್ಬ ಪ್ರೊಫೆಸರು ಕಂಪ್ಯೂಟರಿನಿಂದ ಮಳೆಯ ಮುನ್ಸೂಚನೆ ಲೆಕ್ಕ ಹಾಕುವುದು ಹೇಗೆಂದು ತೋರಿಸಿದರು. ಇಡೀ ದೇಶವನ್ನು ಚೌಕ ಚೌಕವಾಗಿ ಕತ್ತರಿಸಿ, ಒಂದೊಂದು ಚೌಕಕ್ಕೂ ಇಂದಿನ ಗಾಳಿ, ತೇವ, ಒತ್ತಡ ಇಷ್ಟು ಎಂದು ತುಂಬಿಸಿ, ನಾಳೆ ಏನಾಗಬಹುದೆಂದು ಯಂತ್ರದಿಂದ ಲೆಕ್ಕ ಹಾಕಿಸುವ ಕೆಲಸ. ನಾನು ಎದ್ದು ನಿಂತು, ಭಟ್ಕಳ, ಹೊನ್ನಾವರ, ಕುಮಟಾ ಯಾವ ಯಾವ ಚೌಕದಲ್ಲಿವೆ ಎಂದು ಕೇಳಿದೆ. ಮೂರೂ ಒಂದೇ ಚೌಕದಲ್ಲಿವೆ, ಯಂತ್ರದ ಮಟ್ಟಿಗೆ ಮೂರಕ್ಕೂ ಒಂದೇ ಮಳೆ ಎಂದು ಅವರು ನಗುತ್ತ ಹೇಳಿದರು.

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರುವುದು ಸುಲಭ. ನಮ್ಮ ಮನೆಯಲ್ಲಿ ಹಾಲಿಗಿಂತ ಮೊದಲು ನಾನು ಉಕ್ಕುತ್ತೇನೆ ಎಂದು ಅತ್ತೆ ಹೇಳುವುದಿತ್ತು. ಭಟ್ಕಳದ ದಾರಿಯ ಮಂಕಿಯಲ್ಲಿ ಕೊಡೆ ಬಿಚ್ಚಿದವರು ಹೊನ್ನಾವರದ ಸೇತುವೆಗೆ ಬರುವಾಗ ಮಡಚುತ್ತೇವೆ, ಎಪ್ಪತ್ತು ಎಂಬತ್ತು ಕಿಲೋಮೀಟರಿಗೆಲ್ಲ ಒಂದೇ ಮಳೆ ಅಂದರೆ ಏನರ್ಥ ಎಂದು ನಾನು ತುಂಬಿದ ಸಭೆಯಲ್ಲಿ ಕೇಳಿದೆ. ಪ್ರೊಫೆಸರು ಬೇಸರಪಡಲಿಲ್ಲ. "ಹಾಗಿದ್ದರೆ ಮೂರೂ ಕಡೆಯ ದಿನದಿನದ ಹಳೆಯ ಮಳೆಯ ಲೆಕ್ಕ ಒಟ್ಟು ಮಾಡಿ. ನಮ್ಮ ಯಂತ್ರದ ಮಳೆಗೂ ನಿಮ್ಮ ನಿಜವಾದ ಮಳೆಗೂ ಎಷ್ಟು ದೂರ ಅಂತ ಜೊತೆಯಲ್ಲಿ ನೋಡೋಣ," ಎಂದರು. ಸಭೆಯಲ್ಲಿ ಜಗಳಕ್ಕೆ ನಿಂತವಳು ಸಂಶೋಧನೆಯ ಜೊತೆಗಾತಿಯಾಗಿ ಮನೆಗೆ ಬಂದೆ.

ಹೊನ್ನಾವರ ಮತ್ತು ಭಟ್ಕಳದ ಸರ್ಕಾರಿ ಮಳೆಮಾಪಕಗಳ ಅಂಕಿ ಅರ್ಜಿ ಕೊಟ್ಟ ಮೇಲೆ ಸಿಕ್ಕಿದವು. ಅಂಕಿಗಳನ್ನು ಚಿತ್ರ ಮಾಡುವ ಕೆಲಸಕ್ಕೆ ಭಟ್ಕಳದಲ್ಲಿ ಒಬ್ಬರು ಸಿಕ್ಕರು. ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರು. ನಾನು ಅವರನ್ನು ಭಟ್ಕಳದವರು ಎಂದೇ ಹೇಳುವುದು. ಮನೆಮಾತು ನವಾಯತಿ, ನನ್ನ ಹತ್ತಿರ ಕನ್ನಡ, ಕಂಪ್ಯೂಟರ್ ಕೈಕೊಟ್ಟಾಗ ಉರ್ದು. ಅವರು ಪ್ರೋಗ್ರಾಮ್ ಬರೆಯುವುದನ್ನು ನೋಡುವುದೇ ಒಂದು ಖುಷಿ. ಒಂದೊಂದು ಸಾಲು ಬರೆದು, ಕುರ್ಚಿ ಹಿಂದೆ ಸರಿಸಿ, ಹಾಲಿಲ್ಲದ ಸುಲೈಮಾನಿ ಚಾ ಒಂದು ಗುಟುಕು ಕುಡಿದು, ತಾವೇ ಬರೆದದ್ದನ್ನು ಪಕ್ಕದ ಮನೆಯವರು ಬರೆದದ್ದೋ ಎನ್ನುವಂತೆ ಅನುಮಾನದಿಂದ ಓದುತ್ತಿದ್ದರು. "ಇದರಿಂದ ನಿಮಗೆ ಎಂತ ಸಿಗ್ತದೆ ಅಂತ ನೀವು ಕೇಳ್ಬೇಡಿ ಮೇಡಂ. ಮನೇಲಿ ದಿನಾ ಕೇಳ್ತಾರೆ," ಎಂದು ಮೊದಲ ದಿನವೇ ಹೇಳಿದ್ದರು.

ಕುಮಟಾ ತಾಲೂಕಿಗೆ ಮಾತ್ರ ಸರಿಯಾದ ಲೆಕ್ಕ ಸಿಗಲಿಲ್ಲ. ಆಗ ಸಹೋದ್ಯೋಗಿಯೊಬ್ಬರು ಹಿರೇಗುತ್ತಿಯ ನಿವೃತ್ತ ಮಾಸ್ತರರ ಸುದ್ದಿ ಹೇಳಿದರು. ಮೂವತ್ತು ಮಳೆಗಾಲದಿಂದ ಅವರು ಮನೆಯಂಗಳದಲ್ಲಿ ಮಳೆ ಅಳೆದು ಬರೆಯುತ್ತಿದ್ದಾರಂತೆ. ನಾನು ಮರುದಿನವೇ ರಜೆ ಹಾಕಿ ಹೋದೆ.

ಮಾಸ್ತರರದು ಗಜನಿ ಭೂಮಿ. ಹೊಳೆಯ ಬಾಯಲ್ಲಿ ಸಮುದ್ರದ ಉಪ್ಪುನೀರು ಏರಿ ಇಳಿಯುವ ಗದ್ದೆ ಅದು. ಮಳೆ ಚೆನ್ನಾಗಿ ಹೊಯ್ದು ಉಪ್ಪು ತೊಳೆದುಹೋದ ಮೇಲಷ್ಟೇ ಅಲ್ಲಿ ಕಗ್ಗ ಭತ್ತದ ಬೀಜ ಹಾಕಬಹುದು. ಉಪ್ಪು ಹೋಯಿತೋ ಇಲ್ಲವೋ ಎಂದು ಊರಿನವರು ವರ್ಷವೂ ಜಗಳಾಡುತ್ತಿದ್ದರಂತೆ. ಎಷ್ಟು ಮಳೆ ಬಿದ್ದರೆ ಉಪ್ಪು ಹೋಗುತ್ತದೆಂದು ಅಳೆದೇ ನೋಡುವ ಎಂದು ಮಾಸ್ತರರು ಮುಂಬಯಿಯಲ್ಲಿದ್ದ ಭಾವನಿಗೆ ಹೇಳಿ ಒಂದು ಮಳೆಮಾಪಕ ತರಿಸಿದರು. ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆಯಬೇಕು ಎಂದು ಭಾವ ಹೇಳಿದ್ದ. ಅಲ್ಲಿಂದ ಮುಂದೆ ಒಂದು ದಿನವೂ ತಪ್ಪಿಲ್ಲ. ಒಂದೊಂದು ಮಳೆಗಾಲಕ್ಕೆ ಒಂದು ನೂರು ಪುಟದ ಪುಸ್ತಕ, ಒಳಗೆ ಎಡಕ್ಕೆ ತಾರೀಖು, ಬಲಕ್ಕೆ ಮಳೆ. ಶಾಲೆಯಲ್ಲಿ ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ಕೈಯ ದುಂಡು ಅಂಕಿಗಳು.

"ಒಂದು ಸಲ ಒಂದು ಕಚೇರಿಗೆ ಹೊತ್ಕಂಡು ಹೋಗಿದ್ದೆ. ಇವನ್ನ ಎಂತ ಮಾಡೂದು ಅಂತ ಕೇಳಿದ್ರು. ಸೊಸೆ ಎರಡು ಸಲ ರದ್ದಿಗೆ ತೆಗೆದಿಟ್ಟಿದ್ಳು," ಎಂದು ಅವರು ಹೇಳಿದರು. ಆಮೇಲೆ ಪುಸ್ತಕದ ಗಂಟು ನನ್ನ ಕಡೆ ಸರಿಸಿ ಕೇಳಿದರು: "ನಿಮ್ಮ ದೊಡ್ಡ ಕಂಪ್ಯೂಟರಿಗೆ ಇವು ಖರೆ ಬೇಕಾಗ್ತದಾ ಅಕ್ಕೋರೆ?"

ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತಾರೆ. ಅಪ್ಪನ ಪ್ರಾಯದವರು ಹಾಗೆ ಕರೆದಾಗ ನನಗೆ ಸಂಕೋಚವೂ ಆಯಿತು, ಹೆಮ್ಮೆಯೂ ಆಯಿತು. ಆ ದೊಡ್ಡ ಕಂಪ್ಯೂಟರು ನಮ್ಮ ಮನೆಯ ಜಗಲಿಯಲ್ಲೇ ಇದೆಯೋ ಎನ್ನುವಂತೆ, "ಬೇಕೇ ಬೇಕು," ಎಂದೆ.

ನಂತರದ ಒಂದೂವರೆ ವರ್ಷ ನನ್ನ ಬದುಕಿನ ಅತಿ ಸಂತೋಷದ ಕಾಲ ಎಂದರೆ ತಪ್ಪಿಲ್ಲ. ಮಾಸ್ತರರ ಪುಸ್ತಕ ಐದೈದರಂತೆ ತಂದು ಟೈಪ್ ಮಾಡುವುದು, ಶನಿವಾರ ಮಧ್ಯಾಹ್ನ ಡಬ್ಬಿ ಹಿಡಿದುಕೊಂಡು ಟೆಂಪೋ ಹತ್ತಿ ಭಟ್ಕಳಕ್ಕೆ ಹೋಗುವುದು. ಆ ಟೆಂಪೋಗಳಲ್ಲಿ ಒಂದು ಕಾಲಿಗೆ ಜಾಗ ಸಿಕ್ಕರೆ ಇನ್ನೊಂದು ಕಾಲು ಮೀನಿನ ಬುಟ್ಟಿಯ ಮೇಲೆ. ಡಬ್ಬಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತ ನನ್ನನ್ನು ನೋಡಿ ಮಂಕಿಯ ಮೀನು ಮಾರುವ ಹೆಂಗಸೊಬ್ಬಳು, ದೇವಸ್ಥಾನದ ಪ್ರಸಾದ ಎಂದು ತಿಳಿದು ಕೈ ಮುಗಿದಿದ್ದಳು. ನಾನು ಅದನ್ನು ತಿದ್ದಲು ಹೋಗಲಿಲ್ಲ.

ಭಟ್ಕಳದವರು ಮೂರು ತಾಲೂಕಿನ ನಕ್ಷೆಯನ್ನು ಕಂಪ್ಯೂಟರಿಗೆ ಇಳಿಸಿ, ದಿನಕ್ಕೊಂದು ಚಿತ್ರದಂತೆ ಮಳೆಯನ್ನು ಬಣ್ಣದಲ್ಲಿ ತುಂಬಿ, ಚಿತ್ರಗಳನ್ನೆಲ್ಲ ಸಾಲಾಗಿ ಓಡಿಸಿ ಸಿನಿಮಾ ಮಾಡಿದರು. ಇಡೀ ಮಳೆಗಾಲ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಬಣ್ಣದ ವಿಷಯಕ್ಕೆ ನಮಗೆ ಒಂದು ತಿಂಗಳು ಜಗಳ ಆಯಿತು. ಜೋರು ಮಳೆಗೆ ಕಡುನೀಲಿ ಬೇಕು, ನೀರಲ್ಲವೇ ಎಂದು ನನ್ನ ವಾದ. ಕೆಂಪು ಕಣ್ಣಿಗೆ ಹೊಡೆಯುತ್ತದೆ ಎಂದು ಅವರದು. ಒಂದು ದಿನ ಮಾಸ್ತರರನ್ನೇ ಕರೆತಂದು ತೋರಿಸಿದೆವು. ಅವರು ಕೆಂಪನ್ನು ಬಹಳ ಹೊತ್ತು ನೋಡಿ, "ಜೋರು ಮಳೆಗೆ ಹೊಳೆ ಕೆಂಪೇ ಆಗೂದು. ಸರಿ ಆತು," ಎಂದು ತೀರ್ಪು ಕೊಟ್ಟರು. ಭಟ್ಕಳದವರು ಅಂದಿನಿಂದ ಅವರ ಭಕ್ತರಾದರು.

ಈ ಸಿನಿಮಾದಲ್ಲೇ ನಾನು ಅದನ್ನು ಕಂಡದ್ದು. ಒಂದು ಶನಿವಾರ ನಾಲ್ಕನೇ ಸಲ ಓಡಿಸುತ್ತಿದ್ದಾಗ, ಕೆಂಪು ಬಣ್ಣ ಮೊದಲು ಮೇಲೆ ಹಿರೇಗುತ್ತಿಯಲ್ಲಿ ಹುಟ್ಟಿ, ಮರುದಿನ ಹೊನ್ನಾವರಕ್ಕೂ ಭಟ್ಕಳಕ್ಕೂ ಇಳಿಯುವುದು ಕಾಣಿಸಿತು. ಇನ್ನೊಂದು ವರ್ಷ ಓಡಿಸಿದೆವು. ಅದರಲ್ಲೂ ಹಾಗೆಯೇ. ಮೂವತ್ತು ವರ್ಷದಲ್ಲೂ ಹಾಗೆಯೇ. ಮಳೆಗಾಲ ತೆಂಕಣದಿಂದ ಬಡಗಕ್ಕೆ ಏರಿ ಬರುತ್ತದೆಂದು ಲೋಕಕ್ಕೆಲ್ಲ ಗೊತ್ತು. ಆದರೆ ನಮ್ಮ ಮೂರು ತಾಲೂಕಿನಲ್ಲಿ ಜೋರು ಮಳೆ ಬಡಗಣದಿಂದ ತೆಂಕಕ್ಕೆ, ಒಂದು ದಿನದ ಹೆಜ್ಜೆಯಿಟ್ಟು ನಡೆಯುತ್ತಿತ್ತು. ನಾನು ಕುರ್ಚಿಯಿಂದ ಎದ್ದು ನಿಂತೆ, ಮತ್ತೆ ಕೂತೆ. ಭಟ್ಕಳದವರು ಕೆಳಗಿನ ಅಂಗಡಿಯವರಿಗೆಲ್ಲ ಚಾ ತರಿಸಿದರು.

ಕಾರಣ ಕಂಡುಹಿಡಿಯಲು ನನಗೆ ತಡವಾಗಲಿಲ್ಲ. ಹಿರೇಗುತ್ತಿಯ ಪಕ್ಕದ ಅಘನಾಶಿನಿ ಹೊಳೆಯ ಅಗಲವಾದ ಬಾಯಿ, ಅದರ ಹಿಂದಿನ ಗುಡ್ಡ, ಸಮುದ್ರದ ಗಾಳಿ ಅಲ್ಲಿ ಒಳನುಗ್ಗಿ ತಿರುಗುವ ಬಗೆ ಎಂದು ಹನ್ನೆರಡು ಪುಟ ಬರೆದೆ. ಇದರ ಪ್ರಯೋಜನವೋ ಕೇಳುವುದೇ ಬೇಡ: ನಾಳೆ ಭಟ್ಕಳದಲ್ಲಿ ಮಳೆ ಹೇಗೆಂದು ತಿಳಿಯಲು ದೊಡ್ಡ ಕಂಪ್ಯೂಟರು ಯಾಕೆ, ಇಂದು ಹಿರೇಗುತ್ತಿಗೆ ಒಂದು ಫೋನು ಸಾಕು. ಆ ಆಷಾಢದಲ್ಲಿ ದಿನವೂ ಬೆಳಿಗ್ಗೆ ಮಾಸ್ತರರಿಗೆ ಫೋನು ಮಾಡಿ, "ನಿನ್ನೆ ಎಷ್ಟು?" ಎಂದು ಕೇಳಿ, ಸ್ಟಾಫ್ ರೂಮಿನಲ್ಲಿ ಭವಿಷ್ಯ ಹೇಳುತ್ತಿದ್ದೆ. ಬಹಳಷ್ಟು ಸಲ ಸರಿಯಾಗುತ್ತಿತ್ತು. ಆಷಾಢದಲ್ಲಿ ಮಳೆ ಬರುತ್ತದೆ ಎನ್ನಲು ಇಷ್ಟೆಲ್ಲ ಓದಬೇಕಿತ್ತಾ ಎಂದು ಅತ್ತೆ ಕೇಳಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಪ್ರೊಫೆಸರಿಗೆ ಇಮೇಲ್ ಬರೆದೆ. ಅವರಿಗೂ ಸಂಭ್ರಮವಾಯಿತು. ಆದರೆ ಉತ್ತರದ ಕೊನೆಯಲ್ಲಿ ಒಂದು ಮಾತು ಇತ್ತು: ಹಿರೇಗುತ್ತಿಯದು ಖಾಸಗಿ ಲೆಕ್ಕ, ನಂಬಬಹುದೇ ಎಂದು ಚೆನ್ನಾಗಿ ನೋಡಿ, ಅನುಮಾನವಿದ್ದರೆ ಅದನ್ನು ಪೂರ್ತಿ ಕೈಬಿಟ್ಟು ಉಳಿದೆರಡು ಊರಿನಲ್ಲೇ ಮುಂದುವರಿಯೋಣ. ಪೂರ್ತಿ ನಂಬಬಹುದು ಎಂದು ನಾನು ಒಂದೇ ಸಾಲಿನಲ್ಲಿ ಬರೆದೆ. ನೋಡಲಿಲ್ಲ, ಕೇಳಲಿಲ್ಲ.

ಚೌತಿಗೆ ಒಂದು ವಾರ ಇರುವಾಗ ನಮ್ಮ ಕಾಲೇಜಿನಲ್ಲಿ ವಿಚಾರಸಂಕಿರಣ ಎಂದು ನಿಶ್ಚಯವಾಯಿತು. ಶುಕ್ರವಾರ ಕಾರ್ಯಕ್ರಮ, ಪ್ರೊಫೆಸರು ರೈಲಿನಲ್ಲಿ ಬರುವವರು. ಆಮಂತ್ರಣ ಪತ್ರಿಕೆಯಲ್ಲಿ "ಉತ್ತರದಿಂದ ದಕ್ಷಿಣಕ್ಕೆ ನಡೆಯುವ ಮಳೆ" ಎಂದು ನನ್ನ ಭಾಷಣದ ಹೆಸರು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅದನ್ನು ಮಾಸ್ತರರಿಗೆ ಕೊಟ್ಟು, ಮೇಜಿನ ಮೇಲೆ ಜೋಡಿಸಿಡಲು ಎಲ್ಲ ಪುಸ್ತಕಗಳನ್ನು ತರೋಣವೆಂದು ಬುಧವಾರ ಬೆಳಗಿನ ಮೊದಲ ಬಸ್ಸಿಗೇ ಹೊರಟೆ.

ಎಂಟು ಗಂಟೆ ದಾಟಿದಾಗ ಹಿರೇಗುತ್ತಿ ಮುಟ್ಟಿದೆ. ಮಾಸ್ತರರು ಅಂಗಳದಲ್ಲಿ ಕೊಡೆ ಹಿಡಿದು, ಕೈಗಡಿಯಾರ ನೋಡುತ್ತ ನಿಂತಿದ್ದರು. ಎಂಟೂವರೆ ಆಗುವವರೆಗೆ ಮಾಪಕ ಮುಟ್ಟಲಿಲ್ಲ. ಆದ ಮೇಲೆ ಬಾಟಲಿ ತೆಗೆದು, ಅಳತೆಯ ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಎರಡು ಸಲ ಓದಿದರು. ನಲವತ್ತಾರು ಪಾಯಿಂಟ್ ಎರಡು. ಒಳಗೆ ಬಂದು, ಕೈ ಒರೆಸಿಕೊಂಡು, ಪುಸ್ತಕ ಬಿಚ್ಚಿ ಬರೆದರು. ಅಷ್ಟು ದಿನದಲ್ಲಿ ಅವರು ಬರೆಯುವುದನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು. ಅವರು ಬರೆದದ್ದು ಮಂಗಳವಾರದ ತಾರೀಖಿನ ಮುಂದೆ.

"ಮಾಸ್ತರ್ರೇ, ಇವತ್ತು ಬುಧವಾರ," ಎಂದೆ.

"ಹೌದು. ಮಳೆ ಮಂಗಳವಾರದ್ದಲ್ದಾ?"

"ಬೆಳಗಿನ ಜಾವ ಬಿದ್ದದ್ದು?"

"ಸೂರ್ಯ ಹುಟ್ಟೂವರೆಗೆ ಮಂಗಳವಾರವೇ ಅಲ್ದಾ ಅಕ್ಕೋರೆ. ಪಂಚಾಂಗ ನೋಡೂದಿಲ್ವಾ ನೀವು?"

ಸರ್ಕಾರಿ ಪದ್ಧತಿಯಲ್ಲಿ ಬುಧವಾರ ಬೆಳಿಗ್ಗೆ ಅಳೆದ ಮಳೆಯನ್ನು ಬುಧವಾರದ ತಾರೀಖಿಗೇ ಬರೆಯುತ್ತಾರೆ. ಹೊನ್ನಾವರದಲ್ಲೂ ಭಟ್ಕಳದಲ್ಲೂ ಹಾಗೆಯೇ. ಮಾಸ್ತರರು ಅದೇ ಮಳೆಯನ್ನು ಹಿಂದಿನ ದಿನಕ್ಕೆ ಬರೆಯುತ್ತಿದ್ದರು. ಮಳೆ ಎಲ್ಲೂ ನಡೆಯುತ್ತಿರಲಿಲ್ಲ. ಮೂರೂ ಊರಲ್ಲಿ ಒಂದೇ ದಿನ ಬಿದ್ದ ಮಳೆ ಹಿರೇಗುತ್ತಿಯ ಪುಸ್ತಕದಲ್ಲಿ ಮಾತ್ರ ಒಂದು ದಿನ ಮೊದಲು ಬೀಳುತ್ತಿತ್ತು. ನನ್ನ ಹನ್ನೆರಡು ಪುಟ, ನದಿಯ ಬಾಯಿ, ತಿರುಗುವ ಗಾಳಿ ಎಲ್ಲ ಅಲ್ಲಿಗೆ ಮುಗಿಯಿತು.

"ಮೂವತ್ತು ವರ್ಷವೂ ಹೀಗೇ ಬರೆದದ್ದಾ?"

"ಮತ್ತೆ ಹೇಗೆ ಬರೀಬೇಕಿತ್ತು? ಬಿದ್ದ ದಿನಕ್ಕೆ ಬರೆದೆ."

ಆಗ ನಾನು ಉಕ್ಕಿದೆ. ಸಭೆಯ ಹೆದರಿಕೆ, ಅಚ್ಚಾದ ಪತ್ರಿಕೆಯ ನಾಚಿಕೆ ಎಲ್ಲವನ್ನೂ ಆ ಮುದುಕರ ಮೇಲೆ ಹಾಕಿದೆ. ಕಲಿಸಿದವರಾಗಿ ಇಷ್ಟು ಗೊತ್ತಾಗಲಿಲ್ಲವೇ ಎಂದೆ. ಪುಸ್ತಕಗಳೆಲ್ಲ ದಂಡ ಆದವು ಎಂದೆ. ಈಗ ಇದನ್ನು ಬರೆಯುವಾಗಲೂ ಆ ಮಾತಿಗೆ ನನ್ನ ಮುಖ ಬಿಸಿಯಾಗುತ್ತದೆ. ಮಾಸ್ತರರು ಪೆನ್ನಿಗೆ ಟೋಪಿ ಹಾಕಿದರು. ಆಮೇಲೆ ಸಣ್ಣ ದನಿಯಲ್ಲಿ, "ಹಾಗಾದ್ರೆ ಇವು ಬೇಡವಾ?" ಎಂದು ಕೇಳಿದರು.

ಪ್ರೊಫೆಸರು ಇಮೇಲಿನಲ್ಲಿ ಬರೆದದ್ದು ನೆನಪಾಯಿತು: ಅನುಮಾನವಿದ್ದರೆ ಪೂರ್ತಿ ಕೈಬಿಡೋಣ. ಸಭೆಯಲ್ಲಿ ಸತ್ಯ ಹೇಳಿದರೆ ನನ್ನ ಮರ್ಯಾದೆ ಹೋಗುವುದು ಒಂದು, ಈ ಮೂವತ್ತು ಪುಸ್ತಕ ರದ್ದಿಗೆ ಹೋಗುವುದು ಇನ್ನೊಂದು. ಸುಳ್ಳು ಹೇಳಿದರೆ ಎರಡೂ ಉಳಿಯುತ್ತಿದ್ದವು, ಸ್ವಲ್ಪ ದಿನ. ಮಾಸ್ತರರು ಪುಸ್ತಕಗಳನ್ನು ಬಟ್ಟೆಯ ಚೀಲಕ್ಕೆ ತುಂಬಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ ಕೊಟ್ಟರು. ಅಷ್ಟು ಬೈದ ಮೇಲೂ ಪುಸ್ತಕ ಒದ್ದೆಯಾಗಬಾರದೆಂದು ಬಸ್ಸಿನವರೆಗೆ ಕೊಡೆ ಹಿಡಿದು ಬಂದರು. ಆ ಕೊಡೆ ನನ್ನ ಮೇಲೆ ಇರಲಿಲ್ಲ, ಚೀಲದ ಮೇಲೆ ಇತ್ತು, ಮತ್ತು ಅದು ಸರಿಯಾಗಿಯೇ ಇತ್ತು.

ಹೊನ್ನಾವರದಲ್ಲಿ ಇಳಿಯದೆ ನೇರ ಭಟ್ಕಳಕ್ಕೆ ಹೋದೆ. ಮಧ್ಯಾಹ್ನದ ನಮಾಜು ಮುಗಿಸಿ ಬಂದ ಭಟ್ಕಳದವರು ನನ್ನ ಕತೆ ಪೂರ್ತಿ ಕೇಳಿದರು. ಕೇಳಿ ನಗಲು ಶುರು ಮಾಡಿದರು. ನಗುತ್ತ ಕುರ್ಚಿಯಿಂದ ಎದ್ದು, ಕಿಟಕಿಯ ಹತ್ತಿರ ಹೋಗಿ, ಅಲ್ಲಿ ನಿಂತು ಇನ್ನೂ ನಕ್ಕರು. ನಾನು ಅಳುವುದೋ ಹೊಡೆಯುವುದೋ ತಿಳಿಯದೆ ಕೂತಿದ್ದೆ.

"ನಮ್ಮಲ್ಲಿ ದಿನ ಶುರುವಾಗೂದು ಸಂಜೆಗೆ, ಮೇಡಂ. ಸೂರ್ಯ ಮುಳುಗಿದ್ರೆ ನಾಳೆ," ಎಂದರು ಕಣ್ಣೊರೆಸಿಕೊಂಡು. "ಆ ಪುಸ್ತಕ ನಮ್ಮಜ್ಜ ಬರೆದಿದ್ರೆ ನಿಮ್ಮ ಮಳೆ ಇನ್ನೆಲ್ಲಿಗೆ ನಡೀತಿತ್ತೋ."

ನನಗೂ ನಗು ಬಂತು. ಇಬ್ಬರೂ ಕೂತು ಎಣಿಸಿದೆವು. ಮಾಸ್ತರರ ದಿನ ಸೂರ್ಯ ಹುಟ್ಟಿದರೆ ಶುರು. ಇವರದು ಸೂರ್ಯ ಮುಳುಗಿದರೆ. ಸರ್ಕಾರಿ ಮಳೆಯ ದಿನ ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ. ನಮ್ಮ ಕಂಪ್ಯೂಟರಿನ ದಿನ ಮಧ್ಯರಾತ್ರಿಗೆ. ಪ್ರೊಫೆಸರ ದೊಡ್ಡ ಯಂತ್ರ ಇಂಗ್ಲೆಂಡಿನ ಗಡಿಯಾರ ನೋಡುವುದರಿಂದ ಅದರ ದಿನ ನಮ್ಮ ಬೆಳಗಿನ ಐದೂವರೆಗೆ. ಇಷ್ಟು ಜನ ಒಟ್ಟಿಗೆ ಕೂತು ಒಂದೂವರೆ ವರ್ಷ ಕೆಲಸ ಮಾಡಿದೆವು, ನಿಮ್ಮ ದಿನ ಯಾವಾಗ ಶುರು ಎಂದು ಒಬ್ಬರೂ ಇನ್ನೊಬ್ಬರನ್ನು ಕೇಳಿರಲಿಲ್ಲ. ಕೇಳಬೇಕಾದವಳು ನಾನು.

"ಪುಸ್ತಕ ದಂಡ ಅಂತ ಹೇಳಿ ಬಂದ್ರಾ?" ಎಂದು ಅವರು ಈಗ ನಗದೆ ಕೇಳಿದರು. ಹೌದೆಂದೆ. ಅವರು ಕಂಪ್ಯೂಟರಿನ ಕಡೆ ತಿರುಗಿ, ಹಿರೇಗುತ್ತಿಯ ಅಂಕಿಗಳನ್ನೆಲ್ಲ ಒಂದು ದಿನ ಮುಂದೆ ಸರಿಸುವ ಒಂದೇ ಒಂದು ಸಾಲು ಬರೆದರು. ಈ ಸಲ ಚಾ ಕುಡಿಯಲಿಲ್ಲ. ಹೊನ್ನಾವರದ ಮೂವತ್ತು ವರ್ಷದ ಮಳೆಯನ್ನು ಒಂದು ಗೆರೆ, ಹಿರೇಗುತ್ತಿಯದನ್ನು ಇನ್ನೊಂದು ಗೆರೆ ಮಾಡಿ ಒಂದರ ಮೇಲೊಂದು ಹಾಕಿದರು.

ಆ ಪರದೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಒಂದು ಏರಿದಲ್ಲಿ ಇನ್ನೊಂದು ಏರುತ್ತಿತ್ತು, ಒಂದು ಇಳಿದಲ್ಲಿ ಇನ್ನೊಂದು ಇಳಿಯುತ್ತಿತ್ತು. ಮಳೆ ಬಿಟ್ಟು ಹೊಳವಾದ ದಿನಗಳು ಎರಡರಲ್ಲೂ ಒಂದೇ. ಎರಡೂ ಕಡೆ ಬಿದ್ದ ಮಳೆಯ ಪ್ರಮಾಣ ಬೇರೆ ಬೇರೆ, ಅದು ಬೇರೆಯಾಗಿಯೇ ಇರಬೇಕು, ಆದರೆ ಮೂವತ್ತು ವರ್ಷದಲ್ಲಿ ಒಂದು ದಿನವೂ ಗೆರೆ ಜಾರಿರಲಿಲ್ಲ. ಜ್ವರ ಬಂದ ದಿನ, ಮದುವೆಯ ದಿನ, ಮನೆಯಲ್ಲಿ ಸಾವಾದ ದಿನ ಇಲ್ಲದೆ ಇರುತ್ತದೆಯೇ ಯಾರ ಮೂವತ್ತು ವರ್ಷವಾದರೂ? ಆ ದಿನಗಳಲ್ಲೂ ಮಾಸ್ತರರು ಎಂಟೂವರೆಗೆ ಅಂಗಳಕ್ಕೆ ಇಳಿದಿದ್ದರು. ಒಂದು ದಿನ ತಪ್ಪಿದ್ದರೂ ಆ ಜಾಗದಲ್ಲಿ ಗೆರೆ ಜಾರಿದ್ದು ಕಾಣುತ್ತಿತ್ತು. ಭಟ್ಕಳದವರು ಪರದೆಗೆ ಒಂದು ಸಲಾಮು ಹೊಡೆದರು.

ಶುಕ್ರವಾರ ಸಭಾಂಗಣ ತುಂಬಿತ್ತು. ಪ್ರೊಜೆಕ್ಟರು ಇರಲಿಲ್ಲ, ಭಟ್ಕಳದವರು ಪರಿಚಯದವರ ಮನೆಯ ದೊಡ್ಡ ಟಿವಿಯನ್ನು ಹಾಸಿಗೆಯಲ್ಲಿ ಸುತ್ತಿ ಟೆಂಪೋದಲ್ಲಿ ತಂದು ಕಂಪ್ಯೂಟರಿಗೆ ಜೋಡಿಸಿದ್ದರು. ಮಾಸ್ತರರು ಬರುವುದಿಲ್ಲವೆಂದೇ ಎಣಿಸಿದ್ದೆ. ಬಂದರು. ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕೂತರು. ಪ್ರೊಫೆಸರಿಗೆ ಮೊದಲೇ ಹೇಳಲು ಹೋದೆ, ಆದರೆ ಪ್ರಿನ್ಸಿಪಾಲರು ಅವರನ್ನು ತಿಂಡಿ, ಹಾರ, ಶಾಲು ಎಂದು ಹಿಡಿದುಕೊಂಡು ಬಿಡಲೇ ಇಲ್ಲ.

ನಾನು ಮೊದಲು ಹಳೆಯ ಸಿನಿಮಾ ಓಡಿಸಿದೆ. ಕೆಂಪು ಹಿರೇಗುತ್ತಿಯಲ್ಲಿ ಹುಟ್ಟಿ ತೆಂಕಕ್ಕೆ ನಡೆಯಿತು. ಜನ ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಆಮೇಲೆ ನಾನು, ಇದು ಸುಳ್ಳು, ಮಳೆ ಹೀಗೆ ನಡೆಯುವುದಿಲ್ಲ ಎಂದೆ. ಪ್ರಿನ್ಸಿಪಾಲರ ಕೈ ಗಾಳಿಯಲ್ಲೇ ನಿಂತಿತು.

ನಡೆದದ್ದನ್ನೆಲ್ಲ ಹೇಳಿದೆ. ಪಂಚಾಂಗದ ದಿನ, ಸರ್ಕಾರದ ದಿನ, ಇಂಗ್ಲೆಂಡಿನ ದಿನ. ಜನ ನಗಲು ಶುರು ಮಾಡಿದರು, ನಾನೂ ನಕ್ಕೆ. ಎರಡು ಗೆರೆ ಒಂದರ ಮೇಲೊಂದು ಕೂತ ಚಿತ್ರ ತೋರಿಸಿದೆ. ಕೊನೆಗೆ, ಕೇಳಬೇಕಾದದ್ದನ್ನು ಕೇಳದೆ ಇದ್ದದ್ದು ನನ್ನ ತಪ್ಪು, ಅದಕ್ಕಾಗಿ ಮೊನ್ನೆ ಬುಧವಾರ ನಾನು ಬೈದದ್ದು ಈ ಪುಸ್ತಕಗಳನ್ನು ಬರೆದ ಮಾಸ್ತರರನ್ನು, ಅವರು ಅಲ್ಲಿ ಬಾಗಿಲ ಹತ್ತಿರ ಕೂತಿದ್ದಾರೆ, ಅವರು ನನ್ನನ್ನು ಕ್ಷಮಿಸಬೇಕು ಎಂದೆ.

ಪ್ರೊಫೆಸರು ಎದ್ದರು. ಅವರ ಮುಖ ನೋಡಿ ನನಗೆ ಏನೂ ಗೊತ್ತಾಗಲಿಲ್ಲ. ಮೇಜಿನ ಮೇಲಿನ ಪುಸ್ತಕಗಳಲ್ಲಿ ಒಂದನ್ನು ಎತ್ತಿ ತಿರುವಿ ಹಾಕಿ, ಕೊನೆಯ ಸಾಲಿನ ಕಡೆ ನೋಡಿ ಕೇಳಿದರು: "ಮಾಸ್ತರರೇ, ಇನ್ನು ಮುಂದೆ ನಮ್ಮ ಪದ್ಧತಿಯಂತೆ ಅಳೆದ ದಿನಕ್ಕೇ ಬರೆಯುತ್ತೀರಾ?"

ಮಾಸ್ತರರು ಎದ್ದು ನಿಂತರು. ಪಂಚೆ ಸರಿಮಾಡಿಕೊಂಡರು.

"ಇಲ್ಲ," ಎಂದರು.

ಪ್ರಿನ್ಸಿಪಾಲರು ಹಿಂತಿರುಗಿ ನೋಡಿದರು.

"ಈಗ ಬದಲು ಮಾಡಿದ್ರೆ ಅರ್ಧ ಪುಸ್ತ್ಕ ಒಂದು ನಮೂನೆ, ಅರ್ಧ ಒಂದು ನಮೂನೆ ಆಗ್ತದೆ. ಖರೆ ತಪ್ಪು ಆಗೂದು ಆಗ. ನೀವು ಒಂದು ದಿನ ಸರಿಸಿಕೊಳ್ಳಿ, ನಿಮ್ಮ ಹತ್ರ ಯಂತ್ರ ಉಂಟಲ್ಲ. ನಾ ಹೀಗೇ ಬರೀತೆ."

ಪ್ರೊಫೆಸರು ಪುಸ್ತಕವನ್ನು ಮೇಜಿನ ಮೇಲಿಟ್ಟು ಜೋರಾಗಿ ನಕ್ಕರು. ಇದೇ ಮಾತನ್ನು ತನ್ನ ವಿದ್ಯಾರ್ಥಿಗಳಿಗೆ ಕಲಿಸಲು ತನಗೆ ಇಪ್ಪತ್ತು ವರ್ಷ ಸಾಲಲಿಲ್ಲ ಎಂದು ಸಭೆಗೆ ಹೇಳಿದರು. ಆಮೇಲೆ ವೇದಿಕೆ ಇಳಿದು, ಕುರ್ಚಿಗಳ ನಡುವೆ ನಡೆದು ಕೊನೆಯ ಸಾಲಿಗೆ ಹೋಗಿ, ಮೂವತ್ತೂ ಪುಸ್ತಕಗಳನ್ನು ನಕಲು ಮಾಡಿಸಲು ಒಯ್ಯಬಹುದೇ ಎಂದು ಎರಡು ಕೈಯಲ್ಲಿ ಮಾಸ್ತರರ ಕೈ ಹಿಡಿದು ಕೇಳಿದರು. ಒಯ್ಯಿರಿ ಎಂದರು ಮಾಸ್ತರರು. ಈ ವರ್ಷದ್ದು ಮಾತ್ರ ಬೇಡ, ಎರಡು ದಿನದ ಅಳತೆ ಚೀಟಿಯಲ್ಲೇ ಇದೆ, ನಾಳೆ ಬೆಳಿಗ್ಗೆ ಬರೆಯಬೇಕು ಎಂದು ಅದನ್ನು ಮೇಜಿನಿಂದ ತಾವೇ ಹುಡುಕಿ ತೆಗೆದುಕೊಂಡು ಬಗಲಲ್ಲಿ ಇಟ್ಟುಕೊಂಡರು. ಹೊರಡುವಾಗ ನನ್ನ ಎದುರು ನಿಂತು, "ಸಿಟ್ಟು ಇಳೀತಾ ತಂಗಿ?" ಎಂದರು. ಅಕ್ಕೋರು ಎನ್ನಲಿಲ್ಲ. ನಾನು ತಲೆಯಾಡಿಸಿದೆ.

ದೀಪಾವಳಿ ಕಳೆದು ಪುಸ್ತಕಗಳು ಅಂಚೆಯಲ್ಲಿ ಭದ್ರವಾಗಿ ಬಂದವು. ಜೊತೆಗೆ ಒಂದು ಹಾಳೆ, ಸಂಶೋಧನೆಯಲ್ಲಿ ಬಳಸಿದ ಊರುಗಳ ಪಟ್ಟಿ. ಹೊನ್ನಾವರ, ಭಟ್ಕಳದ ಜೊತೆ ಹಿರೇಗುತ್ತಿಯ ಹೆಸರು ಅಚ್ಚಾಗಿತ್ತು. ಒಂದು ಭಾನುವಾರ ಅವನ್ನು ಕೊಡಲು ಹೋದೆ. ಮಾಸ್ತರರು ಪಟ್ಟಿಯನ್ನು ಕನ್ನಡಕ ಏರಿಸಿ ಒಂದು ಸಲ ಓದಿ, ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ಚಾಕ್ಕೆ ಹೇಳಲು ಒಳಗೆ ಹೋದರು.

ಆ ವರ್ಷದ ಪುಸ್ತಕ ಬೆಂಚಿನ ಮೇಲೆ ಇತ್ತು. ಮಳೆಗಾಲ ಮುಗಿದದ್ದರಿಂದ ಕೊನೆಯ ಪುಟಗಳು ಖಾಲಿ. ನಾನು ಸುಮ್ಮನೆ ಹಿಂದಕ್ಕೆ ತಿರುವಿದೆ. ಅವರ ಮೂವತ್ತೂ ಪುಸ್ತಕವನ್ನು ಅಕ್ಷರ ಅಕ್ಷರ ಟೈಪ್ ಮಾಡಿದವಳು ನಾನು. ತಾರೀಖು ಮತ್ತು ಮಳೆ ಬಿಟ್ಟು ಅವುಗಳಲ್ಲಿ ಒಂದು ಮಾತೂ ಇಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮನೆಯ ಮದುವೆಯ ದಿನವೂ ಇಲ್ಲ, ಹೆಂಡತಿ ತೀರಿಕೊಂಡ ದಿನವೂ ಇಲ್ಲ. ಸಂಕಿರಣದ ಶುಕ್ರವಾರದ ಸಾಲಿಗೆ ಬಂದೆ. ಮರುದಿನ ಶನಿವಾರ ಬೆಳಿಗ್ಗೆ ಅಳೆದು, ತಮ್ಮ ಪದ್ಧತಿಯಂತೆ ಶುಕ್ರವಾರಕ್ಕೇ ಬರೆದಿದ್ದರು. ಮಳೆ ಹನ್ನೊಂದು ಪಾಯಿಂಟ್ ಎಂಟು. ಅದರ ಪಕ್ಕ, ಅದೇ ದುಂಡು ಕೈಯಲ್ಲಿ, ಮೂರು ಮಾತು ಇದ್ದವು:

ಪುಸ್ತಕ ಬೇಕು ಎಂದರು.